ಮನೆಗೆ ಆಕ್ಸೆಸ್ ಪಾಯಿಂಟ್: ಕೇಳಿ, ಬಿಡುವಾದಾಗ ಹೇಳುತ್ತೇನೆ

ಟೆಕ್ನಿಷಿಯನ್: ಮನೆಗಳಿಗೆ ವೈಫೈ ಹಾಕಿಕೊಡುವುದು ನನ್ನ ಕೆಲಸ. ಆಕ್ಸೆಸ್ ಪಾಯಿಂಟ್ (ಮುಖ್ಯ ರೂಟರಿನಿಂದ ಕೇಬಲ್ ಎಳೆದು ಇನ್ನೊಂದು ಕಡೆ ವೈಫೈ ಕೊಡುವ ಡಬ್ಬಿ) ಬಗ್ಗೆ ಏನಿದ್ದರೂ ಇಲ್ಲಿ ಕೇಳಿ. ಎಷ್ಟು ಮಹಡಿ, ಕೇಬಲ್ ಎಲ್ಲಿವರೆಗೆ ಬಂದಿದೆ ಅಂತ ಬರೆಯಿರಿ. ಬರೀ "ನೆಟ್ ಸ್ಲೋ" ಅಂದರೆ ನಾನೇನು ಹೇಳಲಿ?

ಹೊಸಮನೆ: ಸರ್, ಹಳೇ ರೂಟರ್ ಒಂದು ಸುಮ್ನೆ ಬಿದ್ದಿದೆ. ಅದನ್ನೇ ಆಕ್ಸೆಸ್ ಪಾಯಿಂಟ್ ಮಾಡಬಹುದಾ?

ಟೆಕ್ನಿಷಿಯನ್: ಮಾಡಬಹುದು. ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಮೊದಲು ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸದ ಸಂಖ್ಯೆ, ಬದಲಿಸಿ. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಆಮೇಲೆ ಇದರ ಡಿಎಚ್‌ಸಿಪಿ (ಫೋನುಗಳಿಗೆ ಐಪಿ ಹಂಚುವ ಕೆಲಸ) ಆಫ್ ಮಾಡಿ. ಕೇಬಲ್ ಲ್ಯಾನ್ (ಮನೆಯ ಸಾಧನಗಳ) ಪೋರ್ಟಿಗೆ ಹಾಕಿ, ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗಲ್ಲ. ಎರಡೂ ರೂಟರ್ ಐಪಿ ಹಂಚೋಕೆ ನಿಂತರೆ ಫೋನಿನಲ್ಲಿ ಸಿಗ್ನಲ್ ಪೂರ್ತಿ ಕಾಣುತ್ತದೆ, ನೆಟ್ ಮಾತ್ರ ಬರುವುದಿಲ್ಲ.

ಮೇಲ್ಮಹಡಿ: ನಮ್ಮ ಪ್ಲಾನ್ 300 ಎಂಬಿಪಿಎಸ್. ಕೆಳಗೆ ಅಷ್ಟೂ ಬರುತ್ತದೆ. ಮೇಲೆ ಹೊಸ ಆಕ್ಸೆಸ್ ಪಾಯಿಂಟ್ ಹಾಕಿದ್ದೇನೆ, ಅದರ ಕೆಳಗೇ ಕೂತರೂ 94. ಬೆಳಿಗ್ಗೆ 94, ರಾತ್ರಿ 94. ಚಾನೆಲ್ ಬದಲಿಸಿದೆ, ರೀಸೆಟ್ ಮಾಡಿದೆ. ಬೇರೆ ಮಾಡೆಲ್ ತಗೋಬೇಕಾ?

ರಾತ್ರಿಪಾಳಿ: ಮೆಶ್ (ಒಂದಕ್ಕೊಂದು ಸೇರಿ ಒಂದೇ ವೈಫೈ ಕೊಡುವ ಡಬ್ಬಿಗಳು) ಒಳ್ಳೆಯದಾ, ಆಕ್ಸೆಸ್ ಪಾಯಿಂಟಾ? ನಮ್ಮದು ಉದ್ದದ ಮನೆ.

ಮೇಷ್ಟ್ರು: ನನಗೆ ಬಂದ ಮೆಸೇಜ್: "ಆಂಟೆನಾಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಸಿಗ್ನಲ್ ಎರಡು ಪಟ್ಟು. ಎಲ್ಲರಿಗೂ ಕಳಿಸಿ." ಉಪಯೋಗವಾಗಬಹುದು.

ಟೆಕ್ನಿಷಿಯನ್: ಮೇಷ್ಟ್ರೇ, ದಯವಿಟ್ಟು ಬೇಡ. ಸುತ್ತಿದರೆ ಸಿಗ್ನಲ್ ಒಳಗೇ ಸಾಯುತ್ತದೆ. ಹಿಂದೆ ನಿಲ್ಲಿಸಿದರೆ ಒಂದು ಕಡೆಯದನ್ನು ಕಿತ್ತು ಇನ್ನೊಂದು ಕಡೆ ತಳ್ಳುತ್ತದೆ, ಅಷ್ಟೇ.

@ಮೇಲ್ಮಹಡಿ, ನಿಮ್ಮದು ವೈಫೈ ಸಮಸ್ಯೆಯೇ ಅಲ್ಲ. ವೈಫೈ ಆಗಿದ್ದರೆ 70 ಬರುತ್ತದೆ, 180 ಬರುತ್ತದೆ, ಕುಣಿಯುತ್ತದೆ. ಯಾವಾಗಲೂ 94 ಅಂದರೆ ಕೇಬಲ್ 100ಕ್ಕೆ ಇಳಿದಿದೆ ಅಂತ ಅರ್ಥ. ಕೇಬಲ್ಲಿನಲ್ಲಿ ನಾಲ್ಕು ಜೋಡಿ ತಂತಿ ಇರುತ್ತದೆ. 1000 ಬೇಕಾದರೆ ನಾಲ್ಕೂ ಬೇಕು, 100ಕ್ಕೆ ಎರಡು ಸಾಕು. ಒಂದು ಜೋಡಿ ಎಲ್ಲೋ ಕೂಡಿಲ್ಲ. ಸೆಟ್ಟಿಂಗ್‌ನಲ್ಲಿ ಪೋರ್ಟ್ ಲಿಂಕ್ ಸ್ಪೀಡ್ ಎಷ್ಟಿದೆ ನೋಡಿ, ಗೋಡೆಯ ಸಾಕೆಟ್ ಬಿಚ್ಚಿ ಫೋಟೋ ಹಾಕಿ.

ಗೇಮರ್: ಎಲ್ಲರೂ ಚಾನೆಲ್ 1, 6, 11 ಅಂತಾರೆ. ಅಲ್ಲೇ ಎಲ್ಲರೂ ತುಂಬಿಕೊಂಡಿದ್ದಾರೆ. ನಾನು 3ರಲ್ಲಿದ್ದೇನೆ, ಪೂರ್ತಿ ಖಾಲಿ.

ಹೊಸಮನೆ: ಖಾಲಿ ಅಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರ, ಆದರೆ ಒಂದೊಂದರ ಅಗಲ 20. 3ರಲ್ಲಿ ಕೂತರೆ 1ರವರ ಗಲಾಟೆಯೂ ನಿಮಗೇ, 6ರವರದೂ ನಿಮಗೇ.

ಗೇಮರ್: ನನ್ನ ಪಿಂಗ್ (ಸರ್ವರ್‌ನಿಂದ ಉತ್ತರ ಬರೋ ಸಮಯ) ಚೆನ್ನಾಗಿದೆ. ಓದಿಕೊಂಡು ಬಂದವರು ಹೇಳೋದು ಬೇಡ.

ಹೊಸಮನೆ: ನಿಮ್ಮ ಅಕ್ಕಪಕ್ಕದವರ ಪಿಂಗ್ ಕೇಳಿದ್ದೀರಾ?

ಅಡ್ಡಗೋಡೆ: ಲ್ಯಾನ್ ಪೋರ್ಟಿಗಾ, ವ್ಯಾನ್ ಪೋರ್ಟಿಗಾ ಸರ್?

ಟೆಕ್ನಿಷಿಯನ್: ಮೇಲೆ ಬರೆದಿದ್ದೇನೆ.

ರಾತ್ರಿಪಾಳಿ: ಮೆಶ್ ಬಗ್ಗೆ ಕೇಳಿದ್ದೆ...

ಮೇಲ್ಮಹಡಿ: ಲಿಂಕ್ 100 ಅಂತಲೇ ಇದೆ ಸರ್! ಫೋಟೋ ಹಾಕಿದ್ದೇನೆ. ನೀಲಿ, ಬಿಳಿ-ನೀಲಿ ತಂತಿ ಪೋರ್ಟಿಗೆ ಹೋಗಿಲ್ಲ. ಪಕ್ಕಕ್ಕೆ ಮಡಚಿ, ಗೋಡೆಯೊಳಗಿಂದ ಬಂದ ಬೇರೆ ಎರಡು ತಂತಿಗೆ ಕಪ್ಪು ಟೇಪಿನಲ್ಲಿ ಸೇರಿಸಿದ್ದಾರೆ. ಕಾಲಿಂಗ್ ಬೆಲ್‌ದು ಅನಿಸುತ್ತೆ. ಟೇಪ್ ಬಿಚ್ಚಿ ನಾನೇ ಪೋರ್ಟಿಗೆ ಹಾಕಲಾ?

ಟೆಕ್ನಿಷಿಯನ್: ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಓದಿ.

ಬೆಲ್‌ಗೆ ಬೇರೆ ತಂತಿ ಎಳೆಯೋಕೆ ಬೇಜಾರಾಗಿ ಯಾರೋ ಇದರಿಂದ ಒಂದು ಜೋಡಿ ಕದ್ದಿದ್ದಾರೆ. ಬೆಲ್ ಬ್ಯಾಟರಿಯದೋ ಸಣ್ಣ ಟ್ರಾನ್ಸ್‌ಫಾರ್ಮರಿನದೋ ಆಗಿದ್ದರೆ ಸರಿ. ಮನೆಯ ಕರೆಂಟೇ ನೇರ ಬರುವ ಬೆಲ್ ಆಗಿದ್ದರೆ? ಆ ನೀಲಿ ತಂತಿ ಅರ್ಧ ಮಿಲಿಮೀಟರ್ ದಪ್ಪ. ಅದರ ಮೇಲಿನ ಪ್ಲಾಸ್ಟಿಕ್ ಆ ಕರೆಂಟಿಗೆ ಮಾಡಿದ್ದಲ್ಲ. ನೀವು ಬೆರಳಲ್ಲಿ ಹಿಡಿಯೋಕೆ ಹೊರಟಿದ್ದು ಅದನ್ನೇ. ಕೇಬಲ್ಲಿನ ಎರಡೂ ತುದಿ ಕಿತ್ತಿಡಿ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಬೆಲ್ ಬೇಡ.

ಇನ್ನೊಂದು. ಈ ಆಕ್ಸೆಸ್ ಪಾಯಿಂಟಿಗೆ ಪಿಓಇ ಇಂಜೆಕ್ಟರ್ (ನೆಟ್ ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ ಡಬ್ಬಿ) ಹಾಕಿದ್ದೀರಾ, ಅಡಾಪ್ಟರಾ? ಪ್ಯಾಸಿವ್ ಇಂಜೆಕ್ಟರ್‌ಗಳು ಸಾಮಾನ್ಯವಾಗಿ ಕರೆಂಟ್ ಕಳಿಸುವುದೇ ನೀಲಿ ಮತ್ತು ಕಂದು ಜೋಡಿಯಲ್ಲಿ. ಆ ಕಡೆ ಏನಿದೆ ಅಂತ ಕೇಳುವುದೂ ಇಲ್ಲ.

ಮೇಲ್ಮಹಡಿ: ಅಡಾಪ್ಟರ್ ಸರ್. ಇಂಜೆಕ್ಟರ್ ಆರ್ಡರ್ ಮಾಡಿದ್ದೆ, ಇನ್ನೂ ಬಂದಿಲ್ಲ. ಮೇನ್ ಆಫ್ ಮಾಡಿದೆ.

ಗೇಮರ್: ಇಷ್ಟಕ್ಕೆಲ್ಲ ಹೆದರಿಸೋದಾ? ನಾನಾಗಿದ್ದರೆ ಐದು ನಿಮಿಷದಲ್ಲಿ ಹಾಕಿ ಮುಗಿಸುತ್ತಿದ್ದೆ.

ಟೆಕ್ನಿಷಿಯನ್: ನಿಮ್ಮ ಮನೆಯಲ್ಲಿ ಮುಗಿಸಿಕೊಳ್ಳಿ. ಇನ್ನೊಬ್ಬರಿಗೆ ಧೈರ್ಯ ಹೇಳಬೇಡಿ.

ಮೇಷ್ಟ್ರು: ಮೊಬೈಲ್ ಹಿಂಬದಿಗೆ ಅಂಟಿಸುವ ಸಿಗ್ನಲ್ ಸ್ಟಿಕ್ಕರ್ ಬಗ್ಗೆಯೂ ಒಂದು ವಿಡಿಯೋ ಬಂದಿದೆ, ಹಾಕಲೇ?

ಟೆಕ್ನಿಷಿಯನ್: ಬೇಡ.

ಅಡ್ಡಗೋಡೆ: "ಮೇಲೆ" ಅಂದರೆ ಎಲ್ಲಿ ಸರ್? ಸಿಗುತ್ತಿಲ್ಲ.

ಹೊಸಮನೆ: ಲ್ಯಾನ್! ಲ್ಯಾನ್ ಪೋರ್ಟ್ ಕಣ್ರೀ.

ಮೇಲ್ಮಹಡಿ: ಎಲೆಕ್ಟ್ರಿಷಿಯನ್ ಬಂದಿದ್ದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ ಮೇನ್ ಹಾಕಿ ನೀಲಿಗೆ ಟೆಸ್ಟರ್ ಇಟ್ಟರು, ಹೊತ್ತಿಕೊಂಡಿತು. ಬೆಲ್ ಒತ್ತಿರಲೂ ಇಲ್ಲ. ಇಷ್ಟು ವರ್ಷ ಮಕ್ಕಳು ಆ ಸಾಕೆಟ್ ಪಕ್ಕದಲ್ಲೇ ಆಡುತ್ತಿದ್ದರು.

ಟೆಕ್ನಿಷಿಯನ್: ಆ ಕೇಬಲ್ ಪೂರ್ತಿ ಎಳೆದು ಹೊರಗೆ ಹಾಕಿಸಿ, ಟೇಪ್ ಸುತ್ತಿ ಉಳಿಸಿಕೊಳ್ಳಬೇಡಿ. ಹೊಸ ಕ್ಯಾಟ್ 6 ಕೇಬಲ್ಲಿಗೆ ಬೇರೆ ಪೈಪ್ ಮಾಡಿಸಿ, ಕರೆಂಟ್ ವೈರ್ ಇರುವ ಪೈಪಿನಲ್ಲಿ ಬೇಡ. ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ ಇರಲಿ. ಇಂಜೆಕ್ಟರ್ ಬಂದರೆ ಹಾಕುವ ಮೊದಲು ಅದರ ಲೇಬಲ್ ಫೋಟೋ ಇಲ್ಲಿ ಕಳಿಸಿ.