‘ಬರೋದು ಅನುಮಾನ’, ‘ಬಂದಿದ್ದ ಅಂತ ಅನುಮಾನ’: ಎರಡೂ ಒಂದೇ ಪದವಾ?

ಪ್ರಶ್ನೆ:
ನಮ್ಮ ಆಫೀಸಿನಲ್ಲಿ ಹಿಂದಿ ಮನೆಮಾತಿನ ಗೆಳತಿಯೊಬ್ಬಳು ಕನ್ನಡ ಕಲಿಯುತ್ತಿದ್ದಾಳೆ. ಮೊನ್ನೆ ಪ್ರವಾಸದ ಲೆಕ್ಕ ಹಾಕುವಾಗ ‘ಹತ್ತು ಸಾವಿರ ಖರ್ಚಾಗಿದೆ ಅಂತ ನನ್ನ ಅನುಮಾನ’ ಅಂದಳು. ಯಾರೋ ದುಡ್ಡು ಹೊಡೆದಿದ್ದಾರೆ ಅಂತ ನಾವು ಗಾಬರಿಯಾದೆವು. ಅವಳು ಹೇಳಿದ್ದು ಬರೀ ಅಂದಾಜು! ತಿದ್ದೋಕೆ ಹೋಗಿ ನಾನೇ ಸಿಕ್ಕಿಕೊಂಡೆ. ‘ಅವನು ಬರೋದು ಅನುಮಾನ’ ಅಂದರೆ ಬರಲಿಕ್ಕಿಲ್ಲ. ‘ಅವನು ಬಂದಿದ್ದ ಅಂತ ಅನುಮಾನ’ ಅಂದರೆ ಬಂದಿರಬಹುದು. ಒಂದೇ ಪದ, ಅರ್ಥ ಮಾತ್ರ ತಿರುಗಾಮುರುಗಾ. ಹೇಗೆ?

ಉತ್ತರ 1:
ಗುಟ್ಟು ಇರೋದು ಆ ‘ಅಂತ’ದಲ್ಲಿ. ಸಂಸ್ಕೃತದಲ್ಲಿ ಅನುಮಾನ ಅಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯೋದು. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ತಿಳಿಯುತ್ತೀವಲ್ಲ, ನ್ಯಾಯಶಾಸ್ತ್ರದವರು (ಕೋರ್ಟಿನ ನ್ಯಾಯವಲ್ಲ, ನಮ್ಮ ಹಳೆಯ ತರ್ಕಶಾಸ್ತ್ರ) ಕೊಡೋ ಉದಾಹರಣೆ ಅದೇ. ಹಿಂದಿಯಲ್ಲಿ ಅದು ಅಂದಾಜಾಗಿ ಉಳಿಯಿತು. ಕನ್ನಡ, ತೆಲುಗಿನಲ್ಲಿ ಸಂಶಯದ ಕಡೆ ಜಾರಿತು. ಆದರೆ ‘ಅಂತ ಅನುಮಾನ’ ಅಂದಾಗ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ: ಹೊಸಿಲಲ್ಲಿ ಕೆಸರಿನ ಹೆಜ್ಜೆ ಇದೆ, ಬಂದಿದ್ದ ಅಂತ ಅನುಮಾನ. ‘ಬರೋದು ಅನುಮಾನ’ದಲ್ಲಿ ಅದು ಪೂರ್ತಿ ಹೋಗಿ ನಂಬಿಕೆಯಿಲ್ಲದ್ದು ಮಾತ್ರ ಉಳಿದಿದೆ.

ಉತ್ತರ 2:
ಒಳ್ಳೆಯ ವಿವರಣೆ. ‘ಗುಮಾನಿ’ ಇಟ್ಟು ನೋಡಿ, ಇನ್ನೂ ಸ್ಪಷ್ಟ ಆಗುತ್ತೆ. ಅದು ಪಾರಸಿಯಿಂದ ಬಂದದ್ದು. ‘ಅವನೇ ಕದ್ದಿರಬೇಕು ಅಂತ ಗುಮಾನಿ’ ಸರಿ, ಆದರೆ ‘ಮಳೆ ಬರೋದು ಗುಮಾನಿ’ ಅಂತ ಯಾರೂ ಅನ್ನಲ್ಲ. ಇನ್ನು ‘ಹುಡುಗ ಬಾಗಿಲಲ್ಲೇ ಅನುಮಾನಿಸುತ್ತಾ ನಿಂತ’ ಅಂದರೆ ಯಾರ ಮೇಲೂ ಸಂಶಯವಿಲ್ಲ, ಸುಮ್ನೆ ಹಿಂಜರಿಕೆ. ನನಗೆ ತುಂಬಾ ಇಷ್ಟವಾದ ಬಳಕೆ ಇದು.

ಉತ್ತರ 3:
ಒಂದು ಮಾತು ಸೇರಿಸ್ತೀನಿ. ಇದನ್ನು ‘ಅಪನಂಬಿಕೆ’ ಜೊತೆ ಕಲಸಬೇಡಿ, ಪತ್ರಿಕೆಗಳಲ್ಲೂ ಈ ಗೊಂದಲ ಜಾಸ್ತಿ. ಅನುಮಾನ ಪಡೋನು ಪರೀಕ್ಷೆ ಮಾಡಿ ನೋಡಿ ಒಪ್ಪಬಹುದು, ಅಪನಂಬಿಕೆ ಇರೋನು ಆಗಲೇ ಮನಸ್ಸು ಮುಚ್ಚಿಕೊಂಡಿರ್ತಾನೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸೋಕೆ ಸಮಿತಿ ಮಾಡಿದ್ದರು. ಅದು ಅನುಮಾನವೇ, ಒಳ್ಳೆಯ ಅರ್ಥದಲ್ಲಿ. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರೂ ಹೇಳ್ತಿದ್ರು ಅಲ್ವಾ?

ಪ್ರಶ್ನೆ ಕೇಳಿದವರು:
ಹೊಸಿಲಿನ ಕೆಸರಿನ ಹೆಜ್ಜೆ ಹೇಳಿದ ತಕ್ಷಣ ಗೆಳತಿಗೆ ಅರ್ಥವಾಯಿತು. ಲೆಕ್ಕಕ್ಕೆ ‘ಅಂದಾಜು’ ಅಂತಲೇ ಬರೆದುಕೊಂಡಿದ್ದಾಳೆ.