ಹೈಸ್ಕೂಲನ್ನು ಈಗ ನೆನೆದರೆ: ಒಂದು ವರ್ಷ ಹೊರದೇಶದಲ್ಲಿ ಓದಲು ಹೊರಟವಳಿಗೆ ನಮ್ಮ ಅನುಭವಗಳು

ಕೇಳಿದ್ದು

ನನಗೆ 16 ವರ್ಷ. ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಒಂದು ವರ್ಷ ಅಮೆರಿಕದ ಹೈಸ್ಕೂಲಿನಲ್ಲಿ ಓದಲು ಅರ್ಜಿ ಹಾಕಬೇಕು ಅಂತಿದ್ದೇನೆ. ನಿಜ ಹೇಳಬೇಕೆಂದರೆ ಇಲ್ಲಿ ನನಗೆ ಹೇಳಿಕೊಳ್ಳುವಂಥ ಗೆಳತಿಯರಿಲ್ಲ. ಅಲ್ಲಿ ನಾನು ಯಾರಿಗೂ ಗೊತ್ತಿಲ್ಲ, ಹೊಸದಾಗಿ ಶುರು ಮಾಡಬಹುದು ಅನ್ನುವ ಆಸೆ. ಮನೆಯವರಿಗೆ ಒಂದು ವರ್ಷ ದಂಡವಾಗುತ್ತದೆ ಅನ್ನುವ ಚಿಂತೆ. ಹೈಸ್ಕೂಲು ಮುಗಿಸಿ ವರ್ಷಗಳಾದವರು, ಅದರಲ್ಲೂ ಹೀಗೆ ಹೋಗಿ ಬಂದವರು, ಈಗ ತಿರುಗಿ ನೋಡಿದರೆ ಏನನಿಸುತ್ತದೆ ಹೇಳ್ತೀರಾ?

ಹತ್ತು ತಿಂಗಳು ಅಲ್ಲಿದ್ದವಳು

ನಾನೂ 16ಕ್ಕೇ ಹೋಗಿದ್ದೆ, ಅಮೆರಿಕಕ್ಕೇ. ಹೊಸದಾಗಿ ಶುರು ಮಾಡುವ ಆಸೆ ನನಗೂ ಇತ್ತು. ಎರಡು ವಾರ ಅದು ನಡೆಯಿತು ಕೂಡ. ಕಾರಿಡಾರಿನಲ್ಲಿ ಎಲ್ಲರೂ ಮಾತಾಡಿಸುವವರೇ. 'ಹೇಗಿದ್ದೀಯ' ಅಂತ ಕೇಳಿ, ನಾನು ಉತ್ತರ ಕೊಡುವಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತಿದ್ದರು. ಅದು ಪ್ರಶ್ನೆಯಲ್ಲ, ನಮಸ್ಕಾರ ಅಂತ ತಿಳಿಯಲು ಒಂದು ತಿಂಗಳು ಹಿಡಿಯಿತು.

ಅಲ್ಲಿ ದಿನವಿಡೀ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಪಿರಿಯಡ್ ಮುಗಿದ ಕೂಡಲೇ ಮಕ್ಕಳೇ ಕೋಣೆ ಬದಲಿಸುತ್ತಾರೆ. ಗಣಿತಕ್ಕೆ ಪಕ್ಕ ಕೂತವಳು ಇತಿಹಾಸಕ್ಕೆ ಇರುವುದಿಲ್ಲ. ಹಾಗಾಗಿ ಬರೀ ಪಕ್ಕ ಕೂತು ಕೂತೇ ಗೆಳೆತನ ಆಗಿಬಿಡುವುದು ಕಷ್ಟ. ಅಕ್ಟೋಬರ್ ಹೊತ್ತಿಗೆ, ಊಟದ ತಟ್ಟೆ ಹಿಡಿದುಕೊಂಡು ಎಲ್ಲಿ ಕೂರಲಿ ಅಂತ ನಿಲ್ಲುವುದೇ ದಿನದ ದೊಡ್ಡ ಪರೀಕ್ಷೆಯಾಗಿತ್ತು.

ಕೈಹಿಡಿದದ್ದು ಶಾಲೆಯ ನಾಟಕದ ತಂಡ. ನಟಿಸಲಿಕ್ಕಲ್ಲ, ಹಿಂದಿನ ಪರದೆಗೆ ಬಣ್ಣ ಬಳಿಯಲಿಕ್ಕೆ. ಕೈಯಲ್ಲಿ ಕೆಲಸವಿದ್ದರೆ ಮಾತು ತಡವರಿಸಿದರೂ ಮುಜುಗರ ಇಲ್ಲ, ಸುಮ್ನೆ ಇದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆ ಡಬ್ಬ ಕೊಡು, ಈ ಏಣಿ ಹಿಡ್ಕೋ, ಅಷ್ಟರಲ್ಲೇ ಪರಿಚಯ ಆಗಿಹೋಗುತ್ತದೆ. ಕ್ರೀಡೆ, ಬ್ಯಾಂಡ್, ನಾಟಕ, ಏನಾದರೂ ಇರಲಿ, ಗೆಳೆಯರು ಸಿಗುವುದು ಪಾಠ ಬಿಟ್ಟ ಮೇಲೆಯೇ. ನಾನು ಸೇರಿದ್ದು ಜನವರಿಯಲ್ಲಿ. ಸೆಪ್ಟೆಂಬರಿನಲ್ಲೇ ಯಾಕೆ ಸೇರಲಿಲ್ಲ ಅನ್ನುವುದು ಈಗಲೂ ಕೊರೆಯುತ್ತದೆ.

ಇನ್ನೊಂದು ಪೆದ್ದುತನ ಹೇಳಿಬಿಡುತ್ತೇನೆ. ಇಟ್ಟುಕೊಂಡ ಮನೆಯವರಿಗೆ ತೊಂದರೆ ಕೊಡಬಾರದು ಅಂತ, ಶಾಲೆಯಿಂದ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನ ಲೆಕ್ಕದಲ್ಲಿ ಅದು ವಿನಯ. ಅವರ ಲೆಕ್ಕದಲ್ಲಿ, ಈ ಹುಡುಗಿಗೆ ನಾವು ಹಿಡಿಸಿಲ್ಲ. ಎರಡು ತಿಂಗಳು ಎರಡೂ ಕಡೆ ಒಳಗೊಳಗೇ ಬೇಜಾರು. ಕಾರ್ಯಕ್ರಮದ ಸಂಯೋಜಕಿ ಬಂದು ಕೂರಿಸಿ ಮಾತಾಡಿಸಿದಾಗ ಐದೇ ನಿಮಿಷದಲ್ಲಿ ಬಗೆಹರಿಯಿತು. ಅವತ್ತು ನಾವೆಲ್ಲ ನಕ್ಕಿದ್ದು ನೆನಪಿದೆ. ರಾತ್ರಿ ಒಬ್ಬಳೇ ಅತ್ತಿದ್ದೂ ನೆನಪಿದೆ.

ವಿದ್ಯಾರ್ಥಿಯನ್ನು ಇಟ್ಟುಕೊಂಡ ಮನೆಯ ಮಗ

ಮೇಲಿನವರ ಬಾಗಿಲಿನ ಕಥೆ ಓದಿ ನಗು ಬಂತು. ನಾನು ಆ ಬಾಗಿಲಿನ ಆಚೆ ಇದ್ದವನು! ನಮ್ಮ ಮನೆಗೆ ಹೊರದೇಶದ ಹುಡುಗನೊಬ್ಬ ಬಂದಿದ್ದ. ನನ್ನ ವಯಸ್ಸಿನವನೇ. ಮೊದಲ ತಿಂಗಳು ಪ್ರತಿಯೊಂದಕ್ಕೂ 'ಪರವಾಗಿಲ್ಲ' ಅನ್ನುತ್ತಿದ್ದ. ಚಳಿಯಾ? ಪರವಾಗಿಲ್ಲ. ಹಸಿವಾ? ಪರವಾಗಿಲ್ಲ. ನಮಗೆ ತಲೆ ಕೆಟ್ಟುಹೋಗಿತ್ತು. ಒಂದು ದಿನ 'ನನಗೆ ಇದು ಇಷ್ಟ ಇಲ್ಲ' ಅಂದ ನೋಡಿ, ಅಮ್ಮನಿಗೆ ಎಷ್ಟು ಖುಷಿಯಾಯಿತೋ! ಅವತ್ತಿನಿಂದ ಅವನು ಮನೆಯವನಾದ. ಪಾತ್ರೆ ತೊಳೆಯುವ ಸರದಿಯೂ ಅವನಿಗೆ ಬಂತು ಅನ್ನಿ.

ಮನೆ ಬದಲಿಸಿದವನು

ನಿಯಮಗಳನ್ನು ಸರಿಯಾಗಿ ಓದಿಕೊಳ್ಳಿ. ಯಾರೂ ಓದುವುದಿಲ್ಲ, ಆಮೇಲೆ ಅಳುತ್ತಾರೆ. ಅಮೆರಿಕಕ್ಕೆ ಜೆ-1 ವೀಸಾದಲ್ಲಿ (ವಿನಿಮಯ ಕಾರ್ಯಕ್ರಮಗಳಿಗೆ ಬರುವವರಿಗೆ ಕೊಡುವ ವೀಸಾ) ಹೈಸ್ಕೂಲಿಗೆ ಹೋಗುವವರಿಗೆ ವಯಸ್ಸಿನ ಮಿತಿ ಇದೆ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ 15 ತುಂಬಿರಬೇಕು, ಹದಿನೆಂಟೂವರೆ ದಾಟಿರಬಾರದು. ಆತಿಥ್ಯ ಕೊಡುವ ಮನೆಯವರಿಗೆ ಸಂಬಳ ಇಲ್ಲ, ತಾವಾಗಿ ಒಪ್ಪಿ ಇಟ್ಟುಕೊಳ್ಳುತ್ತಾರೆ. ಆ ಮನೆಯಲ್ಲಿರುವ ದೊಡ್ಡವರ ಹಿನ್ನೆಲೆ ತಪಾಸಣೆ ಆಗಿರಬೇಕು. ಸ್ಥಳೀಯ ಸಂಯೋಜಕರು ಮನೆಯಿಂದ 120 ಮೈಲಿಯೊಳಗೆ ಇರಬೇಕು, ತಿಂಗಳಿಗೊಮ್ಮೆಯಾದರೂ ನಿಮ್ಮನ್ನು ಮಾತಾಡಿಸಲೇಬೇಕು. ಇದು ಅವರು ಮಾಡುವ ಉಪಕಾರವಲ್ಲ, ನಿಯಮ.

ನನ್ನ ಮೊದಲ ಮನೆಯಲ್ಲಿ ದಿನಾ ಜಗಳ. ಅವರವರ ನಡುವೆ, ನನ್ನ ಜೊತೆಯಲ್ಲ. ಆದರೂ ಸಹಿಸಿಕೊಂಡು ಕೂತಿದ್ದೆ. ಸಂಯೋಜಕರು ಕೇಳಿದಾಗಲೆಲ್ಲ 'ಚೆನ್ನಾಗಿದೆ' ಅನ್ನುತ್ತಿದ್ದೆ. ಡಿಸೆಂಬರಿನಲ್ಲಿ ಬಾಯಿಬಿಟ್ಟೆ, ಎರಡು ವಾರದಲ್ಲಿ ಬೇರೆ ಮನೆ ಸಿಕ್ಕಿತು. ಮನೆ ಬದಲಿಸಿದರೆ ಸೋತಂತೆ ಅಂದುಕೊಳ್ಳಬೇಡಿ. ರೋಟರಿಯವರ ವರ್ಷಾವಧಿ ಕಾರ್ಯಕ್ರಮದಲ್ಲಂತೂ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇಡುವುದೇ ರೂಢಿ. ಹಾಂ, ಅಲ್ಲಿ ಕುಡಿತ, ಮಾದಕ ವಸ್ತು, ವಾಹನ ಓಡಿಸುವುದು, ಪ್ರೇಮ ಈ ನಾಲ್ಕಕ್ಕೂ ಬೇಡ ಅನ್ನುತ್ತಾರೆ. ಕೊನೆಯದನ್ನು ಎಷ್ಟು ಜನ ಪಾಲಿಸಿದರೋ, ದೇವರಿಗೇ ಗೊತ್ತು.

ಎಲ್ಲಿಗೂ ಹೋಗದವಳು

ನಾನು ವಿನಿಮಯಕ್ಕೆ ಹೋದವಳಲ್ಲ. ಆದರೆ ಗೆಳತಿಯರಿಲ್ಲ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನ್ನದು ಮೂರು ವರ್ಷ ಲೈಬ್ರರಿಯ ಮೂಲೆ. ಒಮ್ಮೆ ಭಾಷಣದ ನಡುವೆ ಎಲ್ಲಾ ಮರೆತು, ವೇದಿಕೆ ಮೇಲೆ ಎರಡು ನಿಮಿಷ ಕಂಬದ ಹಾಗೆ ನಿಂತಿದ್ದೆ. ಇಡೀ ಶಾಲೆ ಅದನ್ನೇ ನೆನೆದು ನಗುತ್ತಿದೆ ಅಂತ ಎಷ್ಟೋ ವರ್ಷ ನಂಬಿದ್ದೆ.

ಆಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ್ದು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೋಣೆಯೊಳಗೆ ಕಳಿಸಿದರು. ಅದರ ಮೇಲಿದ್ದದ್ದು ಗಾಯಕ ಬ್ಯಾರಿ ಮ್ಯಾನಿಲೋ ಮುಖ. ಒಳಗಿದ್ದವರಲ್ಲಿ ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ತೊಟ್ಟವರ ಅಂದಾಜು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ.

ಇಪ್ಪತ್ತು ವರ್ಷದ ಮೇಲೆ ಸಹಪಾಠಿಗಳೆಲ್ಲ ಸೇರಿದ್ದೆವು. ಭಾಷಣದ ವಿಷಯ ನಾನೇ ಎತ್ತಿದೆ. ಒಬ್ಬರಿಗೂ ನೆನಪಿಲ್ಲ! ನಿರಾಳವಾಯಿತು. ಅಷ್ಟರಲ್ಲಿ ಒಬ್ಬಳು ಮೆಲ್ಲಗೆ ಹೇಳಿದಳು, 'ನೀನು ನನಗೊಂದು ಅಡ್ಡಹೆಸರು ಇಟ್ಟಿದ್ದೆ, ಶಾಲೆ ಮುಗಿಯುವವರೆಗೂ ಎಲ್ಲರೂ ಹಾಗೇ ಕರೆದರು.' ನನಗೆ ಅದು ಒಂದು ಚೂರೂ ನೆನಪಿರಲಿಲ್ಲ. ಮೂರು ವರ್ಷ ನೊಂದವಳು ನಾನೊಬ್ಬಳೇ ಅಂದುಕೊಂಡಿದ್ದೆ ನೋಡಿ.

ಮೂರೇ ತಿಂಗಳಿಗೆ ವಾಪಸ್ ಬಂದವನು

ನನ್ನದು ಉಲ್ಟಾ ಕಥೆ. ಇಲ್ಲಿಂದ ತಪ್ಪಿಸಿಕೊಳ್ಳಲೆಂದೇ ಹೋದೆ. ಒಂಟಿತನ ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು. ನವೆಂಬರಿನಲ್ಲಿ ನಿದ್ದೆ ಬಿಟ್ಟುಹೋಯಿತು, ವಾಪಸ್ ಬಂದೆ. ಬಂದಿದ್ದೇ ಸರಿ ಅಂತ ಈಗಲೂ ಅನಿಸುತ್ತದೆ. ಹೋಗಬೇಡಿ ಅನ್ನುತ್ತಿಲ್ಲ. ಈಗಲೇ ಮನಸ್ಸು ತುಂಬಾ ಕುಗ್ಗಿದ್ದರೆ ಅದನ್ನು ಮೊದಲು ಯಾರಿಗಾದರೂ ಹೇಳಿ, ಅರ್ಜಿ ಆಮೇಲೆ.

ಹೋಗಿ ಬಂದು ಒಂದು ತರಗತಿ ಹಿಂದೆ ಬಿದ್ದವಳು

ವರ್ಷ ದಂಡವಾಗುತ್ತಾ ಅನ್ನುವ ಪ್ರಶ್ನೆಗೆ: ನನಗೆ ಆಯಿತು. ಅಲ್ಲಿನ ವರ್ಷವನ್ನು ನಮ್ಮ ಶಾಲೆ ಲೆಕ್ಕಕ್ಕೆ ಹಿಡಿಯಲಿಲ್ಲ. ಹೋಗುವ ಮೊದಲು ಬಾಯಿಮಾತಿಗೆ 'ನೋಡೋಣ' ಅಂದಿದ್ದರು, ನಾನೂ ನಂಬಿದೆ. ನೀವು ಬರಹದಲ್ಲಿ ಕೇಳಿ ಪಡೆಯಿರಿ. ಯಾವ ವಿಷಯ ತೆಗೆದುಕೊಂಡರೆ ಸರಿಹೊಂದುತ್ತದೆ ಅಂತ ಪಟ್ಟಿ ಮಾಡಿಸಿಕೊಂಡು, ಅಲ್ಲಿ ಅದೇ ವಿಷಯ ಆರಿಸಿ. ವಾಪಸ್ ಬರುವಾಗ ಅಂಕಪಟ್ಟಿಗೆ ಮುದ್ರೆ ಹಾಕಿಸಿ ತನ್ನಿ. ಒಂದು ವರ್ಷ ಓದಿದ ಮಾತ್ರಕ್ಕೆ ಅಲ್ಲಿನ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ, ಸಿಕ್ಕೇ ಸಿಗುತ್ತದೆ ಅಂತಿಲ್ಲ, ಅದು ಆಯಾ ಶಾಲೆಗೆ ಬಿಟ್ಟದ್ದು.

ಆದರೆ ನನಗೆ ಜಾಸ್ತಿ ಕಷ್ಟವಾಗಿದ್ದು ಇದಲ್ಲ, ವಾಪಸ್ ಬಂದ ಮೇಲಿನ ಆರು ತಿಂಗಳು. ಗೆಳತಿಯರ ನಗೆಮಾತುಗಳೆಲ್ಲ ಹೊಸವು, ನಾನಿಲ್ಲದಾಗ ಹುಟ್ಟಿದವು. ನಾನು 'ಅಲ್ಲಿ ಹೀಗಿತ್ತು' ಅಂತ ಶುರು ಮಾಡಿದರೆ ಎರಡನೇ ವಾಕ್ಯಕ್ಕೆ ಅವರ ಕಣ್ಣು ಬೇರೆ ಕಡೆ. ಇದು ನನ್ನೊಬ್ಬಳ ಪಾಡಲ್ಲ ಅಂತ ಆಮೇಲೆ ತಿಳಿಯಿತು. ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಮೇಲಿದ್ದು, ಕುಸಿದು, ಮತ್ತೆ ಏರುತ್ತದೆ, ಇಂಗ್ಲಿಷಿನ 'ಯು' ಅಕ್ಷರದ ಹಾಗೆ ಅನ್ನುವ ವಿಚಾರ 1955ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗಾರ್ಡ್ ಬರೆದದ್ದರಿಂದ ಬಂತು. 1963ರಲ್ಲಿ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ, ಊರಿಗೆ ಮರಳಿದ ಮೇಲೆ ಇನ್ನೊಂದು ಕುಸಿತ ಇದೆ, ಅದು 'ಡಬ್ಲ್ಯು' ಅಂದರು. ಆ ಎರಡನೇ ಗುಂಡಿಯ ಬಗ್ಗೆ ಹೋಗುವಾಗ ನನಗೆ ಯಾರೂ ಹೇಳಿರಲಿಲ್ಲ.

ಇಷ್ಟಾದರೂ, ಮತ್ತೆ ಹೋಗುತ್ತೀಯಾ ಅಂದರೆ ಹೋಗುತ್ತೇನೆ.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಅಡ್ಡಹೆಸರಿನ ಕಥೆ ಓದಿ, ನಾನು ಯಾರಿಗೆ ಏನಂದಿದ್ದೆ ಅಂತ ಯೋಚಿಸುತ್ತಾ ಕೂತಿದ್ದೇನೆ. ಬರಹದಲ್ಲಿ ಕೇಳಲು ನಾಳೆ ಶಾಲೆಗೆ ಹೋಗುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ, ನನ್ನ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್. ಸಾಲುತ್ತಾ?

ಹತ್ತು ತಿಂಗಳು ಅಲ್ಲಿದ್ದವಳು

ಪಾಠಕ್ಕೆ ಸಾಲುತ್ತದೆ. ನನಗೆ ವಿಜ್ಞಾನ ಮೊದಲ ವಾರವೇ ಅರ್ಥವಾಯಿತು, ಜೋಕುಗಳು ಫೆಬ್ರವರಿಯಲ್ಲಿ. ಗೊತ್ತಾಗದಿದ್ದರೆ ನಗಬೇಡಿ, 'ಏನಂದೆ' ಅಂತ ಕೇಳಿ. ನಾನು ಸುಮ್ನೆ ನಕ್ಕು ನಕ್ಕು, ಒಮ್ಮೆ ಯಾರದೋ ನಾಯಿ ಸತ್ತ ಸುದ್ದಿಗೂ ನಕ್ಕಿದ್ದೆ.