ಕಾರವಾರಕ್ಕೆ ಬರುವ ಮುಂಚೆ, ದುಡ್ಡು ಕೊಡದೆ ಸಿಗುತ್ತಿರುವುದನ್ನೆಲ್ಲ ಬರೆದಿಡಿ

ತಂಗೀ, ನಿಮ್ಮ ಪ್ರಶ್ನೆ ಓದುತ್ತಾ 2019ರ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಿಮ್ಮ ಯಜಮಾನರಿಗೆ ಶಿರಸಿಯಿಂದ ಕಾರವಾರಕ್ಕೆ ವರ್ಗ ಆಗಿದೆ. ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕವಳಿಗೆ ಒಂದೂವರೆ. ಜೊತೆಗೆ ಹೊರಟರೆ ನೀವು ಶಾಲೆಯ ಕೆಲಸ ಬಿಡಬೇಕು. ಕಾರವಾರದ ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಒಂದೇ ಸಂಬಳದಲ್ಲಿ ನಾಲ್ಕು ಜನ ಬದುಕಲು ಆಗುತ್ತದಾ, ಇಲ್ಲ ಅವರೊಬ್ಬರೇ ರೂಮ್ ಮಾಡಿಕೊಂಡು ಇರಲಾ ಅಂತ ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬನ್ನಿ, ಎಲ್ಲರೂ ಸೇರಿಯೇ ಬನ್ನಿ. ಆದರೆ ನಾವು ಬಂದ ಹಾಗೆ ಲೆಕ್ಕ ಹಾಕದೆ ಬರಬೇಡಿ.

ನಾವು ಮೊದಲು ನೀವು ಯೋಚಿಸುತ್ತಿರುವ ಹಾಗೇ ಮಾಡಿದ್ದೆವು. ಇವರು ಕಾರವಾರದಲ್ಲಿ ರೂಮ್, ನಾನು ಮಕ್ಕಳ ಜೊತೆ ಶಿರಸಿ. ದುಡ್ಡು ಉಳಿಯುತ್ತದೆ ಅಂದುಕೊಂಡಿದ್ದೆವು. ರೂಮಿಗೆ 3,500, ಖಾನಾವಳಿಗೆ ಸುಮಾರು ಅಷ್ಟೇ, ವಾರವಾರ ಬಂದು ಹೋಗುವ ಬಸ್ಸು, ಆ ಬಸ್ಸಿನ ದಾರಿಯ ಚಹಾ ತಿಂಡಿ. ಎರಡು ಕಡೆ ಒಲೆ ಉರಿದರೆ ಖರ್ಚೂ ಎರಡು ಕಡೆ. ಎಂಟು ತಿಂಗಳ ನಂತರ ಕೂತು ಲೆಕ್ಕ ಮಾಡಿದರೆ ಉಳಿದದ್ದು ಏನೂ ಇಲ್ಲ. ದುಡ್ಡಿನದು ಹಾಗಿರಲಿ. ಒಂದು ಶನಿವಾರ ರಾತ್ರಿ ಇವರು ಬಾಗಿಲಲ್ಲಿ ನಿಂತು ಮಗಳನ್ನು ಕರೆದರು. ಅವಳಿಗೆ ಆಗ ಎರಡು ವರ್ಷ. ಓಡಿಹೋಗಿ ಆಯಿಯ (ನನ್ನ ಅಮ್ಮನ) ಸೀರೆ ಸೆರಗಿನ ಹಿಂದೆ ಅಡಗಿಕೊಂಡಳು. ಇವರು ಚೀಲ ಕೆಳಗಿಡದೆ ಹಾಗೇ ನಿಂತಿದ್ದರು. ಆ ರಾತ್ರಿಯೇ ತೀರ್ಮಾನ ಆಯಿತು.

ಈಗ ಲೆಕ್ಕದ ವಿಷಯ. ಎಲ್ಲರೂ ಬಾಡಿಗೆಯನ್ನೇ ನೋಡುತ್ತಾರೆ. ನಾವೂ ಅಷ್ಟೇ ನೋಡಿದ್ದೆವು. ಶಿರಸಿಯಲ್ಲಿ 5,000 ಇತ್ತು, ಇಲ್ಲಿ 9,500. ಹಾಗಾದರೆ 4,500 ಜಾಸ್ತಿ, ಹೇಗೋ ಹೊಂದಿಸಿದರಾಯಿತು ಅಂತ. ನಮ್ಮನ್ನು ನಿಜವಾಗಿ ಹೊಡೆದದ್ದು ಬಾಡಿಗೆ ಅಲ್ಲ, ತಂಗೀ. ಶಿರಸಿಯಲ್ಲಿ ನಾವು ದುಡ್ಡು ಕೊಡದೆ ತಿನ್ನುತ್ತಿದ್ದದ್ದು ಎಷ್ಟು ಅಂತ ನಮಗೇ ಗೊತ್ತಿರಲಿಲ್ಲ. ತೆಂಗಿನಕಾಯಿ ಅತ್ತೆ ಮನೆಯಿಂದ. ಅಕ್ಕಿ ಅಲ್ಲಿಂದಲೇ. ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳೆಗೊನೆ, ಬಸಳೆ, ಮೊಗೆಕಾಯಿ. ಹಾಲು ಪಕ್ಕದ ಮನೆಯಿಂದ ತೀರಾ ಕಡಿಮೆಗೆ. ಮಕ್ಕಳನ್ನು ನೋಡಿಕೊಳ್ಳಲು ಆಯಿ. ಇದಕ್ಕೆಲ್ಲ ಚೀಟಿ ಇಲ್ಲ, ಬಿಲ್ಲಿಲ್ಲ. ಕಾರವಾರಕ್ಕೆ ಬಂದ ಮೊದಲ ವಾರ ಅಂಗಡಿಯಲ್ಲಿ ತೆಂಗಿನಕಾಯಿಗೆ ರೇಟು ಕೇಳಿದಾಗ ನನಗೆ ಬಾಯಿ ಕಟ್ಟಿತು. ದಿನಕ್ಕೊಂದು ಕಾಯಿ ಒಡೆದು ಅಡುಗೆ ಮಾಡಿ ರೂಢಿ ನನಗೆ. ಆ ತಿಂಗಳು ಅರ್ಧ ಕಾಯಿಯನ್ನು ಎರಡು ದಿನ ಮಾಡಿದ್ದೇನೆ.

ಹಾಗಾಗಿ ಈಗಲೇ ಒಂದು ಪಟ್ಟಿ ತೆಗೆಯಿರಿ. ಒಂದು ತಿಂಗಳು ಮನೆಗೆ ಏನೇನು ಸುಮ್ನೆ ಬರುತ್ತದೋ ಎಲ್ಲ ಬರೆಯಿರಿ, ಮುಂದೆ ಪೇಟೆ ರೇಟು ಹಾಕಿ. ನಮ್ಮದು ಆಗ 4,000ದ ಹತ್ತಿರ ಬಂತು, ಹೆಚ್ಚುಕಡಿಮೆ ಬಾಡಿಗೆ ಏರಿದಷ್ಟೇ. ಮುಂಚೆಯೇ ಬರೆದಿದ್ದರೆ ತಿಂಗಳಿಗೊಮ್ಮೆ ಊರಿಂದ ಕಾಯಿ ಅಕ್ಕಿ ತರುವ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ಮಾಡುತ್ತಿದ್ದೆವು. ನಾವು ಮಾಡಿದ್ದು ಆರು ತಿಂಗಳ ನಂತರ. ಈಗ ಶಕ್ತಿ ಯೋಜನೆ ಬಂದ ಮೇಲೆ (2023ರ ಜೂನ್ 11ರಿಂದ) ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ. ಕುಮಟಾ ಮೇಲೆ ಬಂದರೆ 120 ಕಿಲೋಮೀಟರಿನ ಮೇಲೆಯೇ ದಾರಿ, ಮಕ್ಕಳನ್ನು ಕಟ್ಟಿಕೊಂಡು ಸುಸ್ತು ನಿಜ. ಆದರೆ ತವರಿಗೆ ಹೋಗಿ ಬರಲು ಯಾರ ಹತ್ತಿರವೂ ದುಡ್ಡು ಕೇಳಬೇಕಾಗಿಲ್ಲ ಅನ್ನುವುದು ಕೆಲಸ ಬಿಟ್ಟ ಹೆಂಗಸಿಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

ಬಾಡಿಗೆ ಭತ್ಯೆ ಜಾಸ್ತಿ ಆಗಬಹುದು ಅಂತ ಯಾರೋ ನಿಮಗೆ ಹೇಳಿದ್ದಾರೆ ಅಂತ ಬರೆದಿದ್ದೀರಿ. ಆಗುವುದಿಲ್ಲ. ರಾಜ್ಯ ಸರ್ಕಾರ ಅದನ್ನು ಕೊಡುವುದು ಊರಿನ ಜನಸಂಖ್ಯೆ ನೋಡಿ, ಅಲ್ಲಿಯ ಬಾಡಿಗೆ ನೋಡಿ ಅಲ್ಲ. ಶಿರಸಿ, ಕಾರವಾರ ಎರಡೂ ಚಿಕ್ಕ ಊರುಗಳ ಪಟ್ಟಿಯಲ್ಲೇ ಬರುತ್ತವೆ, ಮೂಲ ವೇತನದ ಶೇ 7.5 ಅಷ್ಟೇ. ಇನ್ನೊಂದು, ವರ್ಗ ಸರ್ಕಾರವೇ ಮಾಡಿದ್ದಾದರೆ ಸಾಮಾನು ಸಾಗಿಸಲು ಭತ್ಯೆ ಸಿಗುತ್ತದೆ. ಕೋರಿಕೆ ವರ್ಗಾವಣೆಯಾದರೆ ಇಲ್ಲ. ಆದೇಶದಲ್ಲಿ ಏನಿದೆ ನೋಡಿ, ಲಾರಿಯವರ ರಸೀದಿ ಇಟ್ಟುಕೊಳ್ಳಿ.

ಕಾರವಾರ ಇಷ್ಟು ದುಬಾರಿ ಯಾಕೆ ಅಂದರೆ ಜಾಗವೇ ಇಲ್ಲ. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ಉತ್ತರಕ್ಕೆ ಕಾಳಿ ನದಿ. ನಡುವಿನ ಪಟ್ಟಿಯಲ್ಲೇ ಜಿಲ್ಲಾ ಕಚೇರಿಗಳು, ಮೆಡಿಕಲ್ ಕಾಲೇಜು. ಈಚೆ ಅರಗಾದಲ್ಲಿ ನೌಕಾನೆಲೆ, ಆಚೆ ಕೈಗಾ. ಬಾಡಿಗೆ ಮನೆ ಹುಡುಕುವವರು ಯಾವಾಗಲೂ ಇದ್ದೇ ಇರುತ್ತಾರೆ. ಮನೆ ಮಾಲೀಕರು ಹೇಳಿದ್ದೇ ರೇಟು.

ಮನೆ ನೋಡುವಾಗ ಒಂದು ಮಾತು ಮರೆಯಬೇಡಿ. ನಲ್ಲಿಯ ನೀರನ್ನೂ ಬಾವಿಯ ನೀರನ್ನೂ ಬಾಯಿಗೆ ಹಾಕಿ ನೋಡಿ, ಅದೂ ಬೇಸಿಗೆಯಲ್ಲಿ. ನಮ್ಮ ಮೊದಲ ಮನೆ ಕೋಡಿಬಾಗದ ಕಡೆ. ನಾವು ನೋಡಲು ಹೋದದ್ದು ಡಿಸೆಂಬರಿನಲ್ಲಿ, ಬಾವಿಯಲ್ಲಿ ಸಿಹಿ ನೀರು. ಮೇ ತಿಂಗಳಲ್ಲಿ ಬಂದು ಒಲೆ ಹಚ್ಚಿದರೆ ತೊಗರಿಬೇಳೆ ಮೂರು ಸಲ ಸೀಟಿ ಹೊಡೆಸಿದರೂ ಬೇಯಲಿಲ್ಲ. ಕುಕ್ಕರ್ ಮುಚ್ಚಳ ತೆಗೆದರೆ ಬೇಳೆ ಕಾಳುಕಾಳಾಗಿ ಹಾಗೇ ಕೂತಿತ್ತು. ನಾಲಗೆಗೆ ಹಾಕಿದ ಮೇಲೆ ಗೊತ್ತಾಯಿತು, ಉಪ್ಪು. ಮಳೆ ಬರುವವರೆಗೆ ಕುಡಿಯುವ ನೀರಿನ ಕ್ಯಾನ್ ಕೊಂಡೆವು. ಅಂಥ ಖರ್ಚು ಯಾವ ಲೆಕ್ಕದಲ್ಲೂ ಇರುವುದಿಲ್ಲ. ನಗರಸಭೆ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅಂತ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ.

ಶಿರಸಿಯ ತಂಪಿನಲ್ಲಿ ಬೆಳೆದವರಿಗೆ ಇಲ್ಲಿಯ ಬೆವರು ಮೊದಲ ವರ್ಷ ಕಷ್ಟ. ಫ್ಯಾನು ಹಗಲೂ ರಾತ್ರಿ ತಿರುಗುತ್ತದೆ. ಗೃಹಜ್ಯೋತಿ ಇದೆಯಲ್ಲ ಅಂತ ಸುಮ್ಮನಿರಬೇಡಿ. ಹಳೆ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ, ಹೊಸ ಮನೆಯದಕ್ಕೆ ಜೋಡಿಸಬೇಕು, ಬಾಡಿಗೆದಾರರಿಗೂ ಸಿಗುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಇನ್ನು ಕಬ್ಬಿಣದ ಸಾಮಾನು. ಉಪ್ಪು ಗಾಳಿಗೆ ನಮ್ಮ ಮದುವೆಯ ಕಪಾಟು ಎರಡೇ ಮಳೆಗಾಲದಲ್ಲಿ ತಳ ತುಕ್ಕು ಹಿಡಿದು ಉದುರಿತು. ಮರದ್ದು ತನ್ನಿ, ಕಬ್ಬಿಣದ ಮಂಚ ಊರಲ್ಲೇ ಬಿಡಿ.

ನಿಮ್ಮ ಪ್ರಶ್ನೆಯನ್ನು ನಮ್ಮ ಓಣಿಯ ಹೆಂಗಸರಿಗೂ ಹೇಳಿದೆ. ನಮ್ಮದು ವರ್ಗವಾಗಿ ಬಂದವರ ಓಣಿ, ಎಲ್ಲರಿಗೂ ಒಂದೊಂದು ಅನುಭವ.

ಸಿದ್ದಾಪುರದ ಒಬ್ಬರು ಬಾಡಿಗೆ ಕಡಿಮೆ ಅಂತ ಸದಾಶಿವಗಡದಲ್ಲಿ ಮನೆ ಮಾಡಿದ್ದರು. ಚೆನ್ನಾಗಿಯೇ ಇತ್ತಂತೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ಇರುವ ಒಂದೇ ಸೇತುವೆಯ ಮೇಲೆ ಎರಡೂ ಕಡೆಯ ಗಾಡಿಗಳು. ಮಗನ ಶಾಲೆ ಕಾರವಾರ ಊರಲ್ಲಿ, ಮನೆ ನದಿಯ ಆಚೆ ದಡ. ಬೆಳಿಗ್ಗೆ ಅವನು ಶಾಲೆ ಮುಟ್ಟಿದೆ ಅಂತ ಫೋನ್ ಮಾಡುವವರೆಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ ಅಂದರು. ಬಾಡಿಗೆ ಜಾಸ್ತಿಯಾದರೂ ಈಚೆ ಬಂದರು. ಆದರೆ ಮಕ್ಕಳು ಶಾಲೆಗೆ ಹೋಗದಷ್ಟು ಚಿಕ್ಕವರಾದರೆ ಆ ಕಡೆ ಈಗಲೂ ಒಳ್ಳೆಯದೇ ಅಂತಲೂ ಹೇಳಿದರು.

ಹೊನ್ನಾವರ ಕಡೆಯ ಇನ್ನೊಬ್ಬರು ಅಂಕೋಲಾದಲ್ಲೇ ಮನೆ ಮಾಡಿ ಅಂತಾರೆ. ಬಾಡಿಗೆ ಕಡಿಮೆ, ತರಕಾರಿ ತಾಜಾ, ಯಜಮಾನರು ಬಸ್ ಪಾಸ್ ಮಾಡಿಸಿಕೊಂಡು ಓಡಾಡಲಿ ಅಂತ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ದಿನಕ್ಕೆ ಎರಡು ತಾಸು ದಾರಿಯಲ್ಲೇ ಹೋದರೆ, ಇಬ್ಬರು ಸಣ್ಣ ಮಕ್ಕಳನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ನೀವೊಬ್ಬರೇ ನೋಡಬೇಕು. ಒಟ್ಟಿಗೆ ಇರಲು ತಾನೇ ಕೆಲಸ ಬಿಟ್ಟು ಬರುತ್ತಿರುವುದು?

ಕುಮಟಾದ ಅಕ್ಕ ಒಬ್ಬರು ಊಟದ ಖರ್ಚಿನ ದಾರಿ ಹೇಳಿಕೊಟ್ಟವರು. ನನಗೆ ಅವರೇ ಗುರು. ಭಾನುವಾರದ ಸಂತೆಗೆ ಬೆಳಿಗ್ಗೆ ಹೋಗದೆ ಸಂಜೆ ಹೋಗಿ ಅಂತಾರೆ. ಊರಿಗೆ ಹೊರಡುವ ಹೊತ್ತಿಗೆ ಮಾರುವವರು ಬುಟ್ಟಿ ಖಾಲಿ ಮಾಡಲು ನೋಡುತ್ತಾರೆ. ನೀವು ಮೀನು ತಿನ್ನುವವರಾದರೆ, ಬಂಗಡೆ, ತಾರ್ಲೆ ಸುಗ್ಗಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ರೇಟು ಕೇಳುವ ಹಾಗಿಲ್ಲ. ಅದಕ್ಕೇ ಮೇ ಬಿಸಿಲಲ್ಲೇ ಒಣಮೀನು, ಒಣಸಿಗಡಿ ಡಬ್ಬಿಗೆ ತುಂಬಿಡುತ್ತಾರೆ. ಕುಮಟಾದ ಸಿಹಿ ಈರುಳ್ಳಿಯೂ ಹಾಗೇ. ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಜಡೆ ಹೆಣೆದ ಹಾಗೆ ತೂಗುಹಾಕಿರುತ್ತಾರಲ್ಲ, ಎರಡು ಗೊಂಚಲು ತಂದು ಅಡುಗೆಮನೆಯ ಪಕಾಸಿಗೆ ಕಟ್ಟಿಬಿಡಿ, ಮಳೆಗಾಲಕ್ಕೆ ಆಗುತ್ತದೆ.

ಶಾಲೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಾವು ಮಗನನ್ನು ಖಾಸಗಿ ಶಾಲೆಗೆ ಹಾಕಿ, ಫೀಸು, ವ್ಯಾನು, ಪುಸ್ತಕ ಅಂತ ಎರಡು ವರ್ಷ ಕಷ್ಟಪಟ್ಟೆವು. ಆಮೇಲೆ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹಾಕಿದೆವು. ಅಲ್ಲಿ ಅವನಿಗೆ ಒಳ್ಳೆಯ ಟೀಚರ್ ಸಿಕ್ಕರು, ಮಧ್ಯಾಹ್ನ ಬಿಸಿಯೂಟ, ಕೊಂಕಣಿ ಮಾತಾಡುವ ಗೆಳೆಯರು. ನಿಮ್ಮವನಿಗೆ ನಾಲ್ಕೇ ವರ್ಷ. ಮೊದಲ ವರ್ಷ ಅಂಗನವಾಡಿ ಸಾಕು. ಶಾಲೆಯನ್ನು ಊರು ಗೊತ್ತಾದ ಮೇಲೆ ಆರಿಸಿ.

ನಾನು ಮಾಡಿದ ದೊಡ್ಡ ತಪ್ಪು ಮುಂಗಡದ್ದು. ಮನೆಗೆ 40,000 ಅಡ್ವಾನ್ಸ್ ಕೇಳಿದರು. ಕೈಯಲ್ಲಿ ಇರಲಿಲ್ಲ. ಬಳೆ ಅಡವಿಟ್ಟೆ. ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು. ಒಂದೇ ಸಂಬಳದಲ್ಲಿ ಮೊದಲ ವರ್ಷವೇ ಬಡ್ಡಿ ಕಟ್ಟುವುದು ಬೇಡ, ತಂಗೀ. ನಿಮ್ಮ ಸಂಬಳ ಇನ್ನೂ ಬರುತ್ತಿದೆ ಅಲ್ವಾ? ಶಾಲೆ ವರ್ಷ ಮುಗಿಯುವವರೆಗೆ ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಯಜಮಾನರ ಸಂಬಳ ಒಂದರಲ್ಲೇ, ಕಾರವಾರದ ಬಾಡಿಗೆ ಈಗಲೇ ಕೊಡುತ್ತಿದ್ದೇವೆ ಅಂತ ಆ ದುಡ್ಡನ್ನು ಬೇರೆ ತೆಗೆದಿಟ್ಟು, ಉಳಿದದ್ದರಲ್ಲಿ ಬದುಕಿ ನೋಡಿ. ಎಲ್ಲಿ ಸಾಲುವುದಿಲ್ಲ ಅಂತ ಆಯಿಯ ಮನೆ ಹತ್ತಿರ ಇರುವಾಗಲೇ ತಿಳಿಯುತ್ತದೆ. ಮುಂಗಡದ ದುಡ್ಡೂ ಕೂಡುತ್ತದೆ.

ಇನ್ನೊಂದನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಒಂಬತ್ತು ಸಾವಿರ ಸಂಬಳದವಳು ನಾನು, ಹೆಚ್ಚೇನೂ ಅಲ್ಲ. ಆದರೆ ಅದು ನಿಂತ ಮೇಲೆ ಮಗಳಿಗೆ ಒಂದು ಹೇರ್‌ಬ್ಯಾಂಡ್ ಕೊಳ್ಳಲೂ ಇವರ ಮುಖ ನೋಡುವ ಹಾಗಾಯಿತು. ಇವರು ಇಲ್ಲ ಅಂದವರೇ ಅಲ್ಲ. ಆದರೂ ಕೇಳುವಾಗ ಗಂಟಲು ಕಟ್ಟುತ್ತಿತ್ತು. ಒಂದು ದಿನ ಅತ್ತುಬಿಟ್ಟೆ. ಆ ತಿಂಗಳಿಂದ ಸಂಬಳ ಆದ ದಿನವೇ ಮನೆ ಖರ್ಚಿನದು ನನ್ನ ಖಾತೆಗೆ ಬರುತ್ತದೆ, ಅದರ ಜೊತೆ ನನ್ನದು ಅಂತ 1,000 ಬೇರೆ. ಅದಕ್ಕೆ ಲೆಕ್ಕ ಇಲ್ಲ. ಈ ಮಾತನ್ನು ನೀವು ಲಾರಿ ಹತ್ತುವ ಮುಂಚೆಯೇ ಆಡಿ ಮುಗಿಸಿ. ಮೂರನೇ ವರ್ಷ ನಾನು ಮನೆಯಲ್ಲೇ ಟ್ಯೂಷನ್ ಶುರು ಮಾಡಿದೆ. ಅದು ಆಗುವಾಗ ಆಗುತ್ತದೆ, ಅದನ್ನು ನಂಬಿ ಮಾತ್ರ ಮನೆ ಹಿಡಿಯಬೇಡಿ.

ಯಾವಾಗ ಬರುವುದು ಅಂದರೆ ಮೇ ಮೊದಲ ಹದಿನೈದು ದಿನದಲ್ಲಿ. ಮಳೆಗಾಲದಲ್ಲಿ ಸಾಮಾನು ಸಾಗಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದು ಎಷ್ಟೋ ಜೀವ ಹೋದವು. ಕುಮಟಾದಿಂದ ಬರುವವರಿಗೆ ಅದೇ ದಾರಿ. ನಾನು ಆಗ ಮಕ್ಕಳ ಜೊತೆ ಶಿರಸಿಯಲ್ಲಿ ಸಿಕ್ಕಿಕೊಂಡೆ, ಇವರು ಇಲ್ಲಿ ಒಬ್ಬರೇ.

ಮನೆ ನೋಡಲು ಏಪ್ರಿಲ್ ಕೊನೆಯ ಒಂದು ಭಾನುವಾರ ಇಬ್ಬರೇ ಬನ್ನಿ, ಮಕ್ಕಳು ಆಯಿಯ ಹತ್ತಿರ ಇರಲಿ. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಮನೆ ಒಳಗೆ ಹೋಗಿ ಹತ್ತು ನಿಮಿಷ ಫ್ಯಾನ್ ಹಾಕದೆ ಕೂತು ನೋಡಿ. ಬಾವಿ ಇದ್ದರೆ ಒಂದು ಕೊಡ ಸೇದಿ ಕುಡಿಯಿರಿ. ಊಟಕ್ಕೆ ಹೊರಗೆ ಹೋಗಬೇಡಿ, ನಮ್ಮನೆಗೇ ಬನ್ನಿ. ಬರುವಾಗ ನಾಲ್ಕು ತೆಂಗಿನಕಾಯಿ ಹಿಡಿದುಕೊಂಡು ಬನ್ನಿ.